ಮನೆವಾರ್ತೆ: ಬಿಸಿನೀರು ಬೇಕು, ಗಾಳಿಯೂ ಬೇಕು



ದೀಪಾವಳಿಗೆ ನೀರು ತುಂಬಿದ ದಿನದಿಂದ ಹಿಡಿದು, ಶಿವರಾತ್ರಿಗೆ ಚಳಿ ‘ಶಿವಶಿವಾ’ ಅಂತ ಹೋಗುವವರೆಗೂ ನಮ್ಮ ಮನೆಗಳಲ್ಲಿ ಬೆಳಗಿನ ಮೊದಲ ಗಲಾಟೆ ಬಿಸಿನೀರಿನದೇ. ಯಜಮಾನರಿಗೆ ಆಫೀಸಿಗೆ ಹೊತ್ತಾಗುತ್ತೆ, ಮಕ್ಕಳಿಗೆ ಶಾಲೆಯ ಬಸ್ಸು ಬರುತ್ತೆ, ಅತ್ತೆಯವರಿಗೆ ಪೂಜೆಗೆ ಮುಂಚೆ ಸ್ನಾನ ಆಗಬೇಕು, ನಿಮಗೂ ಕೆಲಸಕ್ಕೆ ಹೊರಡುವ ಅವಸರ. ಹಿಂದೆ ಹಂಡೆಯ ಒಲೆಗೆ ಸೌದೆ, ತೆಂಗಿನ ಮಟ್ಟೆ ಒಡ್ಡಿ, ಊದುಕೊಳವೆಯಲ್ಲಿ ಊದಿ ಊದಿ ಕಣ್ಣು ಕೆಂಪು ಮಾಡಿಕೊಳ್ಳುತ್ತಿದ್ದರು. ಆಮೇಲೆ ತಾಮ್ರದ ಬಾಯ್ಲರ್ ಬಂತು, ಕರೆಂಟಿನ ಗೀಸರ್ ಬಂತು, ತಾರಸಿಯ ಮೇಲೆ ಸೋಲಾರ್ ಬಂತು. ಈಗ ಎಷ್ಟೋ ಮನೆಗಳಲ್ಲಿ ಗ್ಯಾಸ್ ಗೀಸರ್ ಬಂದು ಕೂತಿದೆ. ನಲ್ಲಿ ತಿರುಗಿಸಿದ ಕೂಡಲೇ ಬಿಸಿನೀರು. ಕರೆಂಟು ಹೋದರೂ ಚಿಂತೆಯಿಲ್ಲ, ಮೋಡ ಮುಚ್ಚಿದರೂ ಚಿಂತೆಯಿಲ್ಲ. ಒಳ್ಳೆಯ ಅನುಕೂಲವೇ, ಇಲ್ಲ ಅನ್ನೋಕಾಗಲ್ಲ.

ಆದರೆ ಪ್ರತಿ ಚಳಿಗಾಲದಲ್ಲೂ ಪತ್ರಿಕೆಯ ಒಳಪುಟದಲ್ಲಿ ಒಂದು ಸಣ್ಣ ಸುದ್ದಿ ಕಾಣಿಸಿಕೊಳ್ಳುತ್ತೆ. ಸ್ನಾನಕ್ಕೆ ಹೋದ ಮಗಳು ಎಷ್ಟು ಹೊತ್ತಾದರೂ ಹೊರಗೆ ಬರಲಿಲ್ಲ, ಕೂಗಿದರೂ ಓಗೊಡಲಿಲ್ಲ, ಬಾಗಿಲು ಮುರಿದು ನೋಡಿದರೆ ನೆಲದ ಮೇಲೆ ಬಿದ್ದಿದ್ದಳು. ಗೀಸರ್ ಇನ್ನೂ ಉರಿಯುತ್ತಲೇ ಇತ್ತು. ನಾವು ಓದಿ, ‘ಪಾಪ, ಗ್ಯಾಸು ಸೋರಿರಬೇಕು’ ಅಂತ ಪುಟ ತಿರುಗಿಸುತ್ತೇವೆ. ಎಷ್ಟೋ ಸಲ ಅಲ್ಲಿ ಗ್ಯಾಸು ಸೋರಿಯೇ ಇರುವುದಿಲ್ಲ. ಯಂತ್ರ ಸರಿಯಾಗಿಯೇ ಇರುತ್ತದೆ. ತಪ್ಪಿದ್ದು ಅದನ್ನು ಕೂಡಿಸಿದ ಜಾಗದಲ್ಲಿ, ಮುಚ್ಚಿದ ಕಿಟಕಿಯಲ್ಲಿ. ಆದ್ದರಿಂದ ಈ ಸಲ ರುಚಿ ಪಚಿಯ ಮಾತು ಬದಿಗಿಟ್ಟು, ಬಚ್ಚಲುಮನೆಯ ಈ ಒಲೆಯ ವಿಚಾರ ಮಾತಾಡೋಣ.

ಹೌದು, ಒಲೆ ಅಂತಲೇ ಅಂದೆ. ಗೋಡೆಯ ಮೇಲೆ ಬೆಳ್ಳಗೆ, ನುಣ್ಣಗೆ ಪೆಟ್ಟಿಗೆಯ ಹಾಗೆ ಕೂತಿರುವುದರಿಂದ ಅದು ಒಲೆ ಅನ್ನುವುದೇ ನಮಗೆ ಮರೆತುಹೋಗುತ್ತೆ.

ಉರಿಗೂ ಉಸಿರು ಬೇಕು

ಇದು ಎಂಥಾ ಒಲೆ, ಸ್ವಲ್ಪ ಲೆಕ್ಕ ಹಾಕಿ ನೋಡೋಣ. ಅಡುಗೆಮನೆಯ ಗ್ಯಾಸ್ ಒಲೆಯ ದೊಡ್ಡ ಬರ್ನರನ್ನು ಪೂರ್ತಿ ಉರಿಯಲ್ಲಿಟ್ಟರೆ ಗಂಟೆಗೆ ಹೆಚ್ಚು ಕಡಿಮೆ 200 ಗ್ರಾಂ ಗ್ಯಾಸು ಖರ್ಚಾಗುತ್ತದೆ. ನಿಮಿಷಕ್ಕೆ 6 ಲೀಟರ್ ನೀರು ಬಿಡುವ ಗ್ಯಾಸ್ ಗೀಸರ್, ಆ ನೀರನ್ನು 25 ಡಿಗ್ರಿಯಷ್ಟು ಬಿಸಿ ಏರಿಸಬೇಕಾದರೆ ಗಂಟೆಗೆ ಸುಮಾರು 1 ಕಿಲೋ ಗ್ಯಾಸು ಉರಿಸಬೇಕು. ಅಂದರೆ ಐದು ದೊಡ್ಡ ಬರ್ನರುಗಳನ್ನು ಒಟ್ಟಿಗೆ ಹಚ್ಚಿದಂತೆ! ಐದು ಒಲೆ ಹಚ್ಚಿಕೊಂಡು, ಬಾಗಿಲು ಕಿಟಕಿ ಎಲ್ಲ ಮುಚ್ಚಿ, ಅಡುಗೆಮನೆಯಲ್ಲಿ ನೀವು ನಿಲ್ಲುತ್ತೀರಾ? ಇಲ್ಲ ತಾನೇ? ಅಡುಗೆಮನೆಗಿಂತ ಎಷ್ಟೋ ಚಿಕ್ಕದಾದ ಬಚ್ಚಲಲ್ಲಿ ಮಾತ್ರ ಚಿಲಕ ಹಾಕಿಕೊಂಡು ನಿಂತುಬಿಡುತ್ತೇವೆ.

ಒಂದು ಕಿಲೋ ಅಡುಗೆ ಅನಿಲ ಚೆನ್ನಾಗಿ ಉರಿಯಲು ಸುಮಾರು 13 ಘನ ಮೀಟರ್ ಗಾಳಿ ಬೇಕು. 5 ಅಡಿಗೆ 7 ಅಡಿ ಅಳತೆಯ, 9 ಅಡಿ ಎತ್ತರದ ಬಚ್ಚಲಲ್ಲಿ ಇರುವ ಗಾಳಿಯೆಲ್ಲ ಸೇರಿದರೂ 9 ಘನ ಮೀಟರ್ ದಾಟದು. ಹತ್ತೇ ನಿಮಿಷ ಗೀಸರ್ ಉರಿದರೆ ಅದರಲ್ಲಿ ಕಾಲು ಭಾಗದಷ್ಟು ಗಾಳಿಯನ್ನು ಉರಿ ಬಳಸಿಕೊಂಡಿರುತ್ತದೆ. ಹೊರಗಿನಿಂದ ಹೊಸ ಗಾಳಿ ಬಾರದಿದ್ದರೆ ಉರಿಗೆ ಆಮ್ಲಜನಕ ಸಾಲದೆ ಬರುತ್ತದೆ. ಆಗ ಗ್ಯಾಸು ಅರೆಬರೆ ಉರಿಯುತ್ತದೆ. ಹಾಗೆ ಅರೆಬರೆ ಉರಿದಾಗ ಹುಟ್ಟುವ ವಿಷವೇ ಕಾರ್ಬನ್ ಮಾನಾಕ್ಸೈಡ್.

ಇದರ ಗುಣ ಹೇಳುತ್ತೇನೆ ಕೇಳಿ. ಬಣ್ಣವಿಲ್ಲ, ವಾಸನೆಯಿಲ್ಲ, ಕಣ್ಣು ಉರಿಯುವುದಿಲ್ಲ, ಕೆಮ್ಮು ಬರುವುದಿಲ್ಲ. ಸಿಲಿಂಡರಿನ ಗ್ಯಾಸಿಗಾದರೋ ಸೋರಿದರೆ ಗೊತ್ತಾಗಲಿ ಅಂತಲೇ ಕೆಟ್ಟ ವಾಸನೆಯ ವಸ್ತುವನ್ನು ಬೆರೆಸಿರುತ್ತಾರೆ. ಆದರೆ ಗ್ಯಾಸು ಉರಿಯುವಾಗ ಆ ವಾಸನೆಯೂ ಉರಿದುಹೋಗುತ್ತದೆ. ‘ವಾಸನೆ ಏನೂ ಬರ್ತಾ ಇಲ್ಲವಲ್ಲ’ ಎಂಬ ಧೈರ್ಯಕ್ಕೆ ಇಲ್ಲಿ ಬೆಲೆಯೇ ಇಲ್ಲ. ನಮ್ಮ ರಕ್ತದ ಕೆಂಪು ಕಣಗಳು ಆಮ್ಲಜನಕವನ್ನು ಹೊತ್ತು ಮೈಗೆಲ್ಲ ಹಂಚುತ್ತವೆಯಲ್ಲ, ಅವುಗಳಲ್ಲಿರುವ ಹಿಮೋಗ್ಲೋಬಿನ್ ಈ ವಿಷವನ್ನು ಆಮ್ಲಜನಕಕ್ಕಿಂತ 200 ಪಟ್ಟಿಗೂ ಹೆಚ್ಚು ಬಿಗಿಯಾಗಿ ಅಪ್ಪಿಕೊಳ್ಳುತ್ತದೆ. ಬಸ್ಸಿನ ಸೀಟೆಲ್ಲ ಬೇರೆಯವರು ಹಿಡಿದುಬಿಟ್ಟರೆ ನಮಗೆಲ್ಲಿ ಜಾಗ? ಹಾಗೆಯೇ ಆಮ್ಲಜನಕಕ್ಕೆ ರಕ್ತದಲ್ಲಿ ಜಾಗವಿಲ್ಲದಂತಾಗಿ, ಮಿದುಳು ಮತ್ತು ಹೃದಯ ಮೊದಲು ಸೊರಗುತ್ತವೆ.

ಮೊದಲು ತಲೆನೋವು, ತಲೆಸುತ್ತು, ಹೊಟ್ಟೆ ತೊಳೆಸಿದಂತೆ ಆಗುವುದು. ನಮ್ಮ ಹೆಣ್ಣುಮಕ್ಕಳು ಇದನ್ನು ‘ಪಿತ್ತ ಕೆದರಿದೆ’, ‘ಬೆಳಿಗ್ಗೆಯಿಂದ ಖಾಲಿ ಹೊಟ್ಟೆ’, ‘ಬಿಸಿನೀರಿನ ಸೆಕೆ’ ಅಂತ ತಳ್ಳಿಹಾಕುತ್ತಾರೆ. ಅಷ್ಟರಲ್ಲಿ ಕಾಲು ಸೋಲುತ್ತದೆ, ಬುದ್ಧಿ ಮಂಕಾಗುತ್ತದೆ. ಏನೋ ಆಗುತ್ತಿದೆ ಅಂತ ತಿಳಿದರೂ ಎದ್ದು ಚಿಲಕ ತೆಗೆಯುವ ಶಕ್ತಿ ಇರುವುದಿಲ್ಲ. ಇದೇ ಇದರ ದೊಡ್ಡ ಮೋಸ. ಹೀಗೆ ಬಚ್ಚಲಲ್ಲಿ ಪ್ರಜ್ಞೆ ತಪ್ಪಿ ಬಂದವರನ್ನು ನೋಡಿ ನೋಡಿ ನಮ್ಮ ದೇಶದ ವೈದ್ಯರು ಇದಕ್ಕೆ ‘ಗ್ಯಾಸ್ ಗೀಸರ್ ಸಿಂಡ್ರೋಮ್’ ಎಂಬ ಹೆಸರನ್ನೇ ಇಟ್ಟಿದ್ದಾರೆ.

ಹಂಡೆ ಒಲೆಯೂ ಬೆಂಕಿಯೇ ಅಲ್ಲವೇ, ಆಗ ಹೀಗಾಗುತ್ತಿರಲಿಲ್ಲವಲ್ಲ ಅಂತೀರಾ? ಹಳೆಯ ಮನೆಗಳ ಬಚ್ಚಲನ್ನು ನೆನಪಿಸಿಕೊಳ್ಳಿ. ಹೆಂಚಿನ ಮಾಡು, ಹೆಂಚಿನ ಸಂದಿಯಲ್ಲೆಲ್ಲ ಬೆಳಕು, ಗೋಡೆಯಲ್ಲಿ ಗವಾಕ್ಷಿ. ಎಷ್ಟೋ ಕಡೆ ಒಲೆಯ ಬಾಯಿ ಗೋಡೆಯ ಆಚೆಗೇ ಇರುತ್ತಿತ್ತು. ಹೊಗೆ ಬಂದರೆ ಕಣ್ಣೇ ಹೇಳುತ್ತಿತ್ತು, ಬಾಗಿಲು ತೆರೆಯುತ್ತಿದ್ದರು. ಈಗಿನ ಬಚ್ಚಲಿಗೆ ಆರ್.ಸಿ.ಸಿ. ಸೂರು, ಸೂರಿನವರೆಗೆ ಟೈಲ್ಸು, ಬಿಗಿಯಾದ ಬಾಗಿಲು, ಒಂದು ಅಂಗೈಯಗಲದ ಕಿಟಕಿ. ಅದಕ್ಕೂ ಸೊಳ್ಳೆ ಬರುತ್ತೆ ಅಂತ ರಟ್ಟು ಅಂಟಿಸಿರುತ್ತೇವೆ!

ಎಲ್ಲಿ ಕೂಡಿಸಬೇಕು?

ಒಂದೇ ಮಾತಿನಲ್ಲಿ ಹೇಳುವುದಾದರೆ, ಬಚ್ಚಲಿನ ಹೊರಗೆ. ಹಿತ್ತಲ ಗೋಡೆ, ಬಾಲ್ಕನಿ, ಬಟ್ಟೆ ಒಗೆಯುವ ಯುಟಿಲಿಟಿ ಜಾಗ, ಹೀಗೆ ಗಾಳಿ ಧಾರಾಳವಾಗಿ ಆಡುವ ಕಡೆ ಗೀಸರ್ ಇರಲಿ. ಬಿಸಿನೀರಿನ ಪೈಪು ಮಾತ್ರ ಗೋಡೆ ದಾಟಿ ಒಳಗೆ ಬರಲಿ. ಪೈಪಿಗೆ ನಾಲ್ಕು ಕಾಸು ಹೆಚ್ಚು ಬಿದ್ದೀತು, ಬೀಳಲಿ. ಸೀರೆಯೊಂದರ ಬೆಲೆಗೆ ಜೀವದ ಭದ್ರತೆ ಸಿಕ್ಕರೆ ಯಾರು ಬೇಡ ಅಂತಾರೆ?

ಹೊರಗೆ ಕೂಡಿಸುವಾಗಲೂ ಕೆಲವು ವಿಚಾರ ನೋಡಬೇಕು. ಮಳೆಯ ಎರಚಲು ನೇರವಾಗಿ ಬೀಳಬಾರದು. ಜೋರು ಗಾಳಿಗೆ ಉರಿ ಆರುವಂತಿರಬಾರದು. ಯುಟಿಲಿಟಿಗೆ ಗಾಜಿನ ಕಿಟಕಿ ಹಾಕಿಸಿ ಪೂರ್ತಿ ಮುಚ್ಚಿಬಿಟ್ಟಿದ್ದರೆ ಅದು ಹೊರಗಲ್ಲ, ಇನ್ನೊಂದು ಕೋಣೆ ಅಷ್ಟೇ. ಗೀಸರಿನ ಬಿಸಿಗಾಳಿ ಬಚ್ಚಲ ಕಿಟಕಿಯಿಂದಲೋ ಮಲಗುವ ಕೋಣೆಯ ಕಿಟಕಿಯಿಂದಲೋ ಮತ್ತೆ ಒಳಗೆ ನುಗ್ಗುವಂತಿರಬಾರದು. ಫ್ಲ್ಯಾಟುಗಳಲ್ಲಿ ಬಚ್ಚಲ ಕಿಟಕಿಗಳೆಲ್ಲ ತೆರೆದುಕೊಳ್ಳುವ ಕಿರಿದಾದ ಡಕ್ಟ್ ಇರುತ್ತಲ್ಲ, ಅದಕ್ಕೆ ಹೊಗೆ ಬಿಡುವುದೂ ತಪ್ಪು. ನಿಮ್ಮ ಮನೆಯ ವಿಷ ಮೇಲಿನ ಮನೆಯವರ ಬಚ್ಚಲಿಗೆ ಹೋದೀತು.

ಸಿಲಿಂಡರ್ ಬಚ್ಚಲಲ್ಲಿ ಯಾವತ್ತೂ ಇರಕೂಡದು. ಅಡುಗೆ ಅನಿಲ ಗಾಳಿಗಿಂತ ಒಂದೂವರೆಯಿಂದ ಎರಡು ಪಟ್ಟು ಭಾರ. ಸೋರಿದರೆ ನೀರಿನಂತೆ ನೆಲಕ್ಕೆ ಹರಡಿ, ತಗ್ಗು ಹುಡುಕಿಕೊಂಡು ಹೋಗುತ್ತದೆ. ಆದ್ದರಿಂದ ಮೋರಿಯ ಬಾಯಿ, ನೀರಿನ ತೊಟ್ಟಿ, ನೆಲಮಾಳಿಗೆಯ ಹತ್ತಿರ ಸಿಲಿಂಡರ್ ಇಡಬೇಡಿ. ನೆಟ್ಟಗೆ ನಿಲ್ಲಿಸಿ, ಅಡ್ಡ ಮಲಗಿಸಬೇಡಿ. ಮುಚ್ಚಿದ ಕಪಾಟಿನೊಳಗೂ ಬೇಡ. ಗೀಸರಿನ ನೇರ ಕೆಳಗೂ ಬೇಡ.

ಕೂಡಿಸುವ ದಿನ ನೀವೂ ಅಲ್ಲೇ ನಿಂತಿರಿ

‘ಅದೆಲ್ಲ ಗಂಡಸರ ಕೆಲಸ, ನಮಗೇನು ತಿಳಿಯುತ್ತೆ’ ಅಂತ ಒಳಗೆ ಕಾಫಿ ಮಾಡಲು ಹೋಗಬೇಡಿ. ದಿನವೂ ಅದನ್ನು ಬಳಸುವವರು ನೀವು. ಕಾಫಿ ಆಮೇಲೆ ಕೊಟ್ಟರಾಯಿತು. ಹತ್ತಿರ ನಿಂತು ಈ ನಾಲ್ಕು ವಿಚಾರ ಕೇಳಿ, ನೋಡಿ.

ಮೊದಲನೆಯದು, ಗೀಸರಿನ ಮೇಲೆ ಐ.ಎಸ್.ಐ. ಗುರುತು ಇದೆಯೇ? ಅದು ಯಾವ ಗ್ಯಾಸಿಗೆ ಮಾಡಿದ್ದು? ಸಿಲಿಂಡರಿನ ಗ್ಯಾಸಿಗೆ ಮಾಡಿದ ಗೀಸರನ್ನು, ಬೆಂಗಳೂರಿನ ಎಷ್ಟೋ ಬಡಾವಣೆಗಳಿಗೆ ಈಗ ಬಂದಿರುವ ಪೈಪ್ ಗ್ಯಾಸಿಗೆ ಹಾಗೇ ಸಿಕ್ಕಿಸುವಂತಿಲ್ಲ. ಎರಡರ ಜೆಟ್ಟೂ ಬೇರೆ, ಒತ್ತಡವೂ ಬೇರೆ. ಪೈಪ್ ಗ್ಯಾಸಿಗೆ ಬದಲಾಯಿಸಿಕೊಂಡರೆ ಆ ಕಂಪನಿಯವರಿಂದಲೇ ಗೀಸರನ್ನೂ ನೋಡಿಸಿ.

ಎರಡನೆಯದು, ಟ್ಯೂಬು. ಅಗ್ಗದ ಪ್ಲಾಸ್ಟಿಕ್ ಟ್ಯೂಬು ಬೇಡ. ಒಳಗೆ ತಂತಿಯ ಹೆಣಿಗೆ ಇರುವ ಸುರಕ್ಷಾ ಟ್ಯೂಬನ್ನು ಗ್ಯಾಸ್ ಏಜೆನ್ಸಿಯಿಂದಲೇ ತರಿಸಿ. ಅದನ್ನು 5 ವರ್ಷಕ್ಕೊಮ್ಮೆ ಬದಲಾಯಿಸಬೇಕು. ಬಿರುಕು ಕಂಡರೆ ಆ ದಿನವೇ. ಟ್ಯೂಬು ಗೋಡೆಯ ತೂತಿನೊಳಗೆ ಹಾಯ್ದುಹೋಗಬಾರದು. ಗೋಡೆ ದಾಟಬೇಕಾದ ಕಡೆ ಲೋಹದ ಪೈಪೇ ಇರಬೇಕು. ಒಲೆಯ ಟ್ಯೂಬಿಗೆ ಅಡ್ಡಕ್ಕೆ ಒಂದು ಕವಲು ಹಾಕಿ ಗೀಸರಿಗೂ ಎಳೆದುಬಿಡುವ ಜಾಣರಿದ್ದಾರೆ. ಅಂಥ ಜಾಣತನಕ್ಕೆ ನಿಮ್ಮ ಮನೆಯಲ್ಲಿ ಜಾಗ ಕೊಡಬೇಡಿ.

ಮೂರನೆಯದು, ಸೋರಿಕೆ ಪರೀಕ್ಷೆ. ಸೋಪಿನ ನೊರೆಯನ್ನು ಪ್ರತಿಯೊಂದು ಜೋಡಣೆಗೂ ಹಚ್ಚಿಸಿ. ಗುಳ್ಳೆ ಎದ್ದರೆ ಸೋರಿಕೆ ಇದೆ ಅಂತ ಅರ್ಥ. ಬೆಂಕಿಕಡ್ಡಿ ಗೀರಿ ನೋಡುವವನನ್ನು ಕಂಡರೆ ಅವನನ್ನೇ ಮೊದಲು ಹೊರಗೆ ಕಳಿಸಿ.

ನಾಲ್ಕನೆಯದು, ಉರಿ. ನಲ್ಲಿ ತಿರುಗಿಸಿ, ಗೀಸರಿನ ಪುಟ್ಟ ಕಿಂಡಿಯಲ್ಲಿ ಬಗ್ಗಿ ನೋಡಿ. ಉರಿ ನೀಲಿಯಾಗಿ, ಸ್ಥಿರವಾಗಿ ಇರಬೇಕು. ನಲ್ಲಿ ನಿಲ್ಲಿಸಿದಾಗ ಉರಿ ತಕ್ಷಣ ಆರಬೇಕು. ಹತ್ತು ಸಲ ಮಾಡಿಸಿ ನೋಡಿ, ನಾಚಿಕೆ ಏನಿಲ್ಲ. ಉರಿ ಆರಿಹೋದರೆ ಗ್ಯಾಸನ್ನು ತಾನೇ ನಿಲ್ಲಿಸುವ ವ್ಯವಸ್ಥೆ ಇದೆಯೇ, ಗಾಳಿಯಲ್ಲಿ ಆಮ್ಲಜನಕ ಕಡಿಮೆಯಾದರೆ ನಿಲ್ಲಿಸುವ ಸೆನ್ಸರ್ ಇದೆಯೇ, ಇಷ್ಟು ನಿಮಿಷಕ್ಕೆ ತಾನೇ ನಿಲ್ಲುವ ಟೈಮರ್ ಇದೆಯೇ ಅಂತ ಕೇಳಿ ತಿಳಿದುಕೊಳ್ಳಿ. ಇವೆಲ್ಲ ಇದ್ದರೆ ಒಳ್ಳೆಯದೇ. ಆದರೆ ಇವು ಇವೆ ಅಂತ ಬಚ್ಚಲ ಕಿಟಕಿ ಮುಚ್ಚುವುದಲ್ಲ. ಕೊಡೆ ಇದೆ ಅಂತ ಯಾರಾದರೂ ಸೂರು ಕಿತ್ತು ಹಾಕುತ್ತಾರೆಯೇ?

ಆಮೇಲೆ ವರ್ಷಕ್ಕೊಮ್ಮೆ, ಚಳಿಗಾಲಕ್ಕೆ ಮುಂಚೆ, ಕಂಪನಿಯ ಕೆಲಸಗಾರನಿಂದ ಬರ್ನರ್ ಸ್ವಚ್ಛ ಮಾಡಿಸಿ. ಬೋರ್‌ವೆಲ್ಲಿನ ಗಡುಸು ನೀರಿರುವ ಊರುಗಳಲ್ಲಿ ಒಳಗಿನ ತಾಮ್ರದ ಸುರುಳಿಗೆ ಸುಣ್ಣ ಕಟ್ಟಿಕೊಳ್ಳುತ್ತದೆ. ನಿಮ್ಮ ಇಡ್ಲಿ ಪಾತ್ರೆಯ ತಳದಲ್ಲಿ ಬಿಳಿ ಪೊರೆ ಕಟ್ಟುತ್ತೆ ನೋಡಿ, ಹಾಗೆ. ಇದರಿಂದ ನೀರು ಸರಿಯಾಗಿ ಕಾಯದು, ಗ್ಯಾಸು ಮಾತ್ರ ಖರ್ಚಾಗುತ್ತದೆ. ಕಿಡಿ ಹೊತ್ತಿಸುವ ದೊಡ್ಡ ಟಾರ್ಚ್ ಸೆಲ್ಲುಗಳನ್ನೂ ಆಗಲೇ ಬದಲಿಸಿಬಿಡಿ.

ಬಕೆಟ್ ತುಂಬಿಸಿ, ಗೀಸರ್ ನಿಲ್ಲಿಸಿ, ಆಮೇಲೆ ಸ್ನಾನ

‘ನಮ್ಮನೇಲಿ ಆಗಲೇ ಬಚ್ಚಲಲ್ಲೇ ಕೂಡಿಸಿಬಿಟ್ಟಿದ್ದಾರಲ್ಲ, ಏನು ಮಾಡೋದು?’ ಇದು ಬಹಳ ಜನರ ಪ್ರಶ್ನೆ. ಹೊರಗೆ ಬದಲಾಯಿಸುವುದೇ ಸರಿಯಾದ ದಾರಿ. ಅದು ಆಗುವವರೆಗೆ ಒಂದು ನಿಯಮ ಹಾಕಿಕೊಳ್ಳಿ. ಈ ಇಡೀ ಲೇಖನದಲ್ಲಿ ಒಂದೇ ಮಾತು ನೆನಪಿಟ್ಟುಕೊಳ್ಳುವುದಾದರೆ ಇದನ್ನೇ ಇಟ್ಟುಕೊಳ್ಳಿ.

ಬಚ್ಚಲ ಬಾಗಿಲು, ಕಿಟಕಿ ಎರಡನ್ನೂ ಪೂರ್ತಿ ತೆರೆದಿಟ್ಟು ಗೀಸರ್ ಹಚ್ಚಿ. ಬಕೆಟ್ ತುಂಬುವವರೆಗೆ ನೀವು ಹೊರಗೇ ಇರಿ. ತುಂಬಿದ ಮೇಲೆ ನಲ್ಲಿ ನಿಲ್ಲಿಸಿ, ಗ್ಯಾಸಿನ ಗುಂಡಿಯನ್ನೂ ಮುಚ್ಚಿ. ಐದು ನಿಮಿಷ ಗಾಳಿ ಆಡಲಿ. ಆಮೇಲೆ ಒಳಗೆ ಹೋಗಿ ಸ್ನಾನ ಮಾಡಿ. ಉರಿಯುವ ಗೀಸರಿನ ಕೆಳಗೆ, ಮುಚ್ಚಿದ ಬಾಗಿಲಿನ ಹಿಂದೆ, ಷವರ್ ಬಿಟ್ಟುಕೊಂಡು ನಿಲ್ಲುವುದು ಸಲ್ಲದು. ತಲೆಗೆ ಸೀಗೆಪುಡಿ ಹಾಕಿಕೊಂಡು ಉಜ್ಜುವ ಅರ್ಧ ಗಂಟೆಯ ಸ್ನಾನಕ್ಕಂತೂ ಎರಡು ಬಕೆಟ್ ಮೊದಲೇ ತುಂಬಿಟ್ಟುಕೊಳ್ಳಿ.

ಒಬ್ಬರಾದ ಮೇಲೆ ಒಬ್ಬರು ಬಿಡುವಿಲ್ಲದೆ ಸ್ನಾನಕ್ಕೆ ಹೋಗುವ ಮನೆಗಳಲ್ಲಿ ಕೊನೆಗೆ ಹೋಗುವವರ ಪಾಡು ನೆನೆಸಿಕೊಳ್ಳಿ. ಮೊದಲ ಮೂವರು ಬಳಸಿಬಿಟ್ಟ ಗಾಳಿ ಅವರ ಪಾಲಿಗೆ ಉಳಿದಿರುತ್ತದೆ. ಆ ಕೊನೆಯವರು ಹೆಚ್ಚಾಗಿ ಯಾರು? ಎಲ್ಲರನ್ನೂ ಹೊರಡಿಸಿ, ಕೊನೆಗೆ ಟವೆಲ್ ಹಿಡಿದು ಹೋಗುವ ಮನೆಯೊಡತಿಯೇ ಅಲ್ಲವೇ!

ಈ ಪದ್ಧತಿಯಿಂದ ಉಳಿತಾಯವೂ ಇದೆ. ನಿಮಿಷಕ್ಕೆ 6 ಲೀಟರಿನ ಲೆಕ್ಕದಲ್ಲಿ 15 ಲೀಟರಿನ ಬಕೆಟ್ ತುಂಬಲು ಎರಡೂವರೆ ನಿಮಿಷ, ಸುಮಾರು 40 ಗ್ರಾಂ ಗ್ಯಾಸು. ನಾಲ್ಕು ಜನಕ್ಕೆ ತಲಾ ಎರಡು ಬಕೆಟ್ ಅಂದರೂ ದಿನಕ್ಕೆ 320 ಗ್ರಾಂ, 14.2 ಕಿಲೋ ಸಿಲಿಂಡರ್ 40 ದಿನ ದಾಟುತ್ತದೆ. ಅದೇ ನಾಲ್ವರೂ ಹತ್ತತ್ತು ನಿಮಿಷ ಷವರ್ ಬಿಟ್ಟುಕೊಂಡರೆ ಅರ್ಧ ಕಿಲೋಗೂ ಹೆಚ್ಚು ಹೋಗಿ, ತಿಂಗಳು ತುಂಬುವ ಮೊದಲೇ ಸಿಲಿಂಡರ್ ಖಾಲಿ. ಲೆಕ್ಕ ನಿಮ್ಮ ಮುಂದಿದೆ.

ಮಕ್ಕಳಿಗಾದರೆ ಬಕೆಟಿಗೆ ತಣ್ಣೀರು ಮೊದಲು, ಬಿಸಿನೀರು ಆಮೇಲೆ. ಮೊಣಕೈ ಅದ್ದಿ ನೋಡಿಯೇ ಮೈಗೆ ಹೊಯ್ಯಿ. ಮಕ್ಕಳು, ವಯಸ್ಸಾದವರು ಒಳಗಿನಿಂದ ಚಿಲಕ ಹಾಕಿಕೊಳ್ಳುವುದು ಬೇಡ. ಬಾಗಿಲು ಒರೆ ಮಾಡಿಕೊಂಡರೆ ಸಾಕು, ಹೊರಗೆ ನೀವು ಇರುತ್ತೀರಲ್ಲ. ಆಗಾಗ ಒಂದು ಮಾತು ಕೂಗಿ, ‘ಆಯ್ತೇನೇ?’ ಅಂತ. ಉತ್ತರ ಬಾರದಿದ್ದರೆ ಕಾಯಬೇಡಿ.

ಬಾಣಂತಿಯ ಸ್ನಾನ

ಈ ವಿಚಾರವನ್ನು ಬೇರೆಯಾಗಿ ಬರೆಯಲೇಬೇಕು. ಬಾಣಂತಿಗೆ ಶೀತ ಆಗಬಾರದು, ಗಾಳಿ ತಾಕಬಾರದು ಅಂತ ನಮ್ಮ ಹಿರಿಯರು ಬಚ್ಚಲಿನ ಕಿಂಡಿಗೂ ಬಟ್ಟೆ ತುರುಕುತ್ತಾರೆ. ಎಣ್ಣೆ ಹಚ್ಚಿ, ಕೊಡಗಟ್ಟಲೆ ಬಿಸಿನೀರು ಹೊಯ್ದು, ನೀರೆರೆಯುವುದೇ ಮುಕ್ಕಾಲು ಗಂಟೆ. ಅದೇ ಬಚ್ಚಲಲ್ಲಿ ಕಾಲು ನೀಡಿ ಕೂತ ಅಜ್ಜಿಯ ಮೇಲೆ ಕೂಸು. ಹಿಂದೆ ನೀರು ಹಂಡೆಯಲ್ಲಿ ಮೊದಲೇ ಕಾದಿರುತ್ತಿತ್ತು. ಈಗ ಅಲ್ಲಿ ಗ್ಯಾಸ್ ಗೀಸರ್ ಉರಿಯುತ್ತಿದ್ದರೆ ತಾಯಿ, ಕೂಸು, ಅಜ್ಜಿ, ಮೂರು ಜೀವಗಳೂ ಒಂದೇ ಅಪಾಯದಲ್ಲಿವೆ. ಬಸುರಿಯರಿಗೂ ಈ ವಿಷದ ಭಯ ಹೆಚ್ಚು. ತಾಯಿ ಚೇತರಿಸಿಕೊಂಡರೂ ಹೊಟ್ಟೆಯಲ್ಲಿರುವ ಮಗುವಿಗೆ ಕೇಡಾಗಬಹುದು.

‘ಅಮ್ಮ ಕಿಟಕಿ ತೆರೆಯೋಕೆ ಬಿಡಲ್ಲ’, ‘ಅತ್ತೆಯವರಿಗೆ ಹೇಳೋದು ಹೇಗೆ’ ಅನ್ನುವವರು ವಾದಕ್ಕೆ ಹೋಗಬೇಡಿ. ಅವರ ಕಾಳಜಿ ಸುಳ್ಳಲ್ಲ. ‘ಅಮ್ಮಾ, ನಿಮ್ಮ ಕಾಲದ ಹಾಗೇ ಮಾಡೋಣ, ನೀರನ್ನೆಲ್ಲ ಮೊದಲೇ ಕಾಯಿಸಿ ತುಂಬಿಟ್ಟುಬಿಡೋಣ, ಆಮೇಲೆ ಬಾಗಿಲು ಹಾಕಿಕೊಳ್ಳಿ’ ಅನ್ನಿ. ಎರಡು ದೊಡ್ಡ ಡ್ರಮ್ಮು ತುಂಬಿಸಿ, ಗೀಸರ್ ನಿಲ್ಲಿಸಿ, ಗಾಳಿಯಾಡಿಸಿ, ನಂತರ ಬೇಕಾದರೆ ಕಿಟಕಿ ಮುಚ್ಚಲಿ. ಅವರ ಮಾತೂ ನಡೆಯಿತು, ಜೀವವೂ ಉಳಿಯಿತು.

ಇದೇ ಕಾರಣಕ್ಕೆ ಬಾಣಂತಿ ಕೋಣೆಯಲ್ಲಿ ಇದ್ದಿಲು ಕೆಂಡದ ಅಗ್ಗಿಷ್ಟಿಕೆ ಇಟ್ಟುಕೊಂಡು ಬಾಗಿಲು ಮುಚ್ಚಿ ಮಲಗುವುದೂ ಕೂಡದು. ಕೆಂಡವೂ ಇದೇ ವಿಷವನ್ನು ಬಿಡುತ್ತದೆ. ಸಾಂಬ್ರಾಣಿ ಹೊಗೆ ಕೊಟ್ಟಾದ ಮೇಲೆ ಕೆಂಡ ಹೊರಗೆ ಹೋಗಲಿ.

ಅನಾಹುತ ಆದರೆ ಏನು ಮಾಡಬೇಕು?

ಬಚ್ಚಲಲ್ಲಿ ತಲೆಸುತ್ತಿದಂತಾದರೆ ಸೋಪು ತೊಳೆದುಕೊಳ್ಳುತ್ತಾ ನಿಲ್ಲಬೇಡಿ. ಟವೆಲ್ ಸುತ್ತಿಕೊಂಡು ಹೊರಗೆ ಬನ್ನಿ. ಮಾನಕ್ಕಿಂತ ಪ್ರಾಣ ಮೊದಲು.

ಒಳಗೆ ಹೋದವರು ಉತ್ತರ ಕೊಡದಿದ್ದರೆ ಬಾಗಿಲು ಒಡೆಯಿರಿ. ಉಸಿರು ಬಿಗಿ ಹಿಡಿದು ಒಳಗೆ ಹೋಗಿ, ಗೀಸರ್ ನಿಲ್ಲಿಸಿ, ಕಿಟಕಿ ತೆರೆದು, ಅವರನ್ನು ತಕ್ಷಣ ಹೊರಗೆ ಗಾಳಿಗೆ ಎಳೆದು ತನ್ನಿ. ಅಲ್ಲೇ ಒಳಗೆ ಕೂತು ಕೆನ್ನೆ ತಟ್ಟಬೇಡಿ, ನೀವೂ ಬಿದ್ದೀರಿ. ಇನ್ನೊಬ್ಬರು 108 ಅಥವಾ 112ಕ್ಕೆ ಫೋನ್ ಮಾಡಲಿ. ಪ್ರಜ್ಞೆ ಇಲ್ಲದವರ ಬಾಯಿಗೆ ನೀರು, ನಿಂಬೆ ಪಾನಕ, ಕಾಫಿ ಏನೂ ಹಾಕಕೂಡದು. ಕೈಗೆ ಬೀಗದ ಕೈ ಕೊಡುವುದು, ಈರುಳ್ಳಿ ಮೂಸಿಸುವುದು ಇವುಗಳಲ್ಲಿ ಹೊತ್ತು ಕಳೆಯಬೇಡಿ. ಉಸಿರಾಡುತ್ತಿದ್ದರೆ ಮಗ್ಗುಲಿಗೆ ಮಲಗಿಸಿ. ಉಸಿರು ನಿಂತಿದ್ದರೆ, ಎದೆ ಒತ್ತಿ ಉಸಿರು ಕೊಡುವುದನ್ನು ಬಲ್ಲವರು ಕೂಡಲೇ ಶುರು ಮಾಡಲಿ.

ಇದಕ್ಕೆ ಔಷಧಿ ಆಮ್ಲಜನಕವೇ. ಬರೀ ಗಾಳಿ ಉಸಿರಾಡಿದರೆ ರಕ್ತದಲ್ಲಿರುವ ವಿಷ ಅರ್ಧಕ್ಕಿಳಿಯಲು ನಾಲ್ಕೈದು ಗಂಟೆ ಬೇಕು. ಆಸ್ಪತ್ರೆಯಲ್ಲಿ ಮುಖಕ್ಕೆ ಮಾಸ್ಕ್ ಹಾಕಿ ಶುದ್ಧ ಆಮ್ಲಜನಕ ಕೊಟ್ಟರೆ ಒಂದು, ಒಂದೂವರೆ ಗಂಟೆ ಸಾಕು. ಆದ್ದರಿಂದ ‘ಎಚ್ಚರ ಬಂತಲ್ಲ, ಮಲಗಿದರೆ ಸರಿಹೋಗುತ್ತೆ’ ಅನ್ನಬೇಡಿ, ಆಸ್ಪತ್ರೆಗೆ ಹೋಗಿ. ಬೆರಳಿಗೆ ಸಿಕ್ಕಿಸುವ ಆಕ್ಸಿಮೀಟರ್ ಕೋವಿಡ್ ಕಾಲದಿಂದ ಎಲ್ಲರ ಮನೆಯಲ್ಲೂ ಇದೆಯಲ್ಲ, ಅದನ್ನು ಈ ವಿಷಯದಲ್ಲಿ ನಂಬಬೇಡಿ. ಅದಕ್ಕೆ ಈ ವಿಷಕ್ಕೂ ಆಮ್ಲಜನಕಕ್ಕೂ ವ್ಯತ್ಯಾಸ ತಿಳಿಯದು, 98 ಅಂತಲೇ ತೋರಿಸೀತು. ‘ಬಚ್ಚಲಲ್ಲಿ ಗ್ಯಾಸ್ ಗೀಸರ್ ಉರಿಯುತ್ತಿತ್ತು’ ಅಂತ ಡಾಕ್ಟರಿಗೆ ಮೊದಲ ಮಾತಿನಲ್ಲೇ ಹೇಳಿ. ಮನೆಗೆ ಬಂದ ಕೆಲವು ವಾರಗಳ ಮೇಲೂ ಮರೆವು, ನಡಿಗೆಯಲ್ಲಿ ತಡವರಿಕೆ, ಸ್ವಭಾವದಲ್ಲಿ ಬದಲಾವಣೆ ಕಂಡರೆ ಮತ್ತೆ ತೋರಿಸಿ.

ಇನ್ನು ಗ್ಯಾಸಿನ ವಾಸನೆಯೇ ಬಂದರೆ ಅದು ಬೇರೆ ಕಥೆ. ಆಗ ಯಾವ ಸ್ವಿಚ್ಚನ್ನೂ ಮುಟ್ಟಬೇಡಿ, ಹಾಕುವುದೂ ಬೇಡ, ಆರಿಸುವುದೂ ಬೇಡ, ಫ್ಯಾನನ್ನೂ ಹಾಕಬೇಡಿ. ದೇವರ ದೀಪ ಆರಿಸಿ, ರೆಗ್ಯುಲೇಟರ್ ಮುಚ್ಚಿ, ಬಾಗಿಲು ಕಿಟಕಿ ತೆರೆದು, ಹೊರಗೆ ಹೋಗಿ 1906ಕ್ಕೆ ಫೋನ್ ಮಾಡಿ. ಹಗಲು ರಾತ್ರಿ ಯಾವಾಗ ಬೇಕಾದರೂ ಮಾಡಬಹುದು.

ನೀವು ಕೇಳಬಹುದಾದ ಪ್ರಶ್ನೆಗಳು

ಪ್ರಶ್ನೆ: ಬಚ್ಚಲಲ್ಲಿ ಎಕ್ಸಾಸ್ಟ್ ಫ್ಯಾನ್ ಇದೆ. ಸಾಲದೇ?
ಉತ್ತರ: ಫ್ಯಾನು ಗಾಳಿಯನ್ನು ಹೊರಗೆ ತಳ್ಳುತ್ತದೆ ನಿಜ. ಅಷ್ಟೇ ಗಾಳಿ ಒಳಗೆ ಬರಲು ದಾರಿ ಎಲ್ಲಿ? ಬಾಗಿಲಿನ ಕೆಳಭಾಗದಲ್ಲಿ ಜಾಲಂಧರ ಇರಬೇಕು, ಮೇಲೆ ವೆಂಟಿಲೇಟರ್ ತೆರೆದಿರಬೇಕು. ಗೀಸರಿಗೆ ಹೊಗೆಕೊಳವೆ ಇದ್ದು, ಒಳಗೆ ಗಾಳಿ ಬರಲು ದಾರಿ ಇಲ್ಲದಿದ್ದರೆ, ಫ್ಯಾನು ಹೊರಗೆ ಹೋಗಬೇಕಾದ ಹೊಗೆಯನ್ನೇ ಒಳಗೆ ಎಳೆದೀತು. ಕರೆಂಟು ಹೋದರೆ ಫ್ಯಾನು ನಿಲ್ಲುತ್ತದೆ, ಗೀಸರ್ ಉರಿಯುತ್ತಲೇ ಇರುತ್ತದೆ, ಅದನ್ನೂ ನೆನೆಸಿಕೊಳ್ಳಿ.

ಪ್ರಶ್ನೆ: ಬಾಡಿಗೆ ಮನೆ. ಗೋಡೆ ಕೊರೆಯಲು ಓನರ್ ಒಪ್ಪುವುದಿಲ್ಲ.
ಉತ್ತರ: ಈ ಲೇಖನವನ್ನೇ ಅವರಿಗೆ ತೋರಿಸಿ. ಆಗಲೂ ಒಪ್ಪದಿದ್ದರೆ ಗ್ಯಾಸ್ ಗೀಸರನ್ನು ಬಿಟ್ಟು ಬೇರೆ ವ್ಯವಸ್ಥೆ ಮಾಡಿಕೊಳ್ಳಿ. ಮನೆ ಬದಲಾಯಿಸುವಾಗ ಅಡ್ವಾನ್ಸ್ ಮಾತಾಡುವ ಮುಂಚೆಯೇ ಬಚ್ಚಲ ಕಿಟಕಿ ನೋಡಿಕೊಳ್ಳಿ. ಹಾಸ್ಟೆಲ್ಲು, ಪಿ.ಜಿ.ಯಲ್ಲಿರುವ ಹೆಣ್ಣುಮಕ್ಕಳಿಗೂ ಇದನ್ನು ತಪ್ಪದೆ ತಿಳಿಸಿ.

ಪ್ರಶ್ನೆ: ಗೀಸರಿನ ಮೇಲಿನ ಗೋಡೆ ಕಪ್ಪಾಗಿದೆ, ಉರಿ ಹಳದಿಯಾಗಿದೆ.
ಉತ್ತರ: ಇವತ್ತೇ ಬಳಸುವುದನ್ನು ನಿಲ್ಲಿಸಿ. ಉರಿ ಸರಿಯಾಗಿಲ್ಲ ಅಂತ ಯಂತ್ರವೇ ಹೇಳುತ್ತಿದೆ. ಗೋಡೆಗೆ ಸುಣ್ಣ ಬಳಿದರೆ ಕಾಯಿಲೆ ಹೋಗದು, ಕೆಲಸಗಾರನನ್ನು ಕರೆಸಿ. ಹಾಗಂತ ಉರಿ ನೀಲಿ ಇದ್ದ ಮಾತ್ರಕ್ಕೆ ಕಿಟಕಿ ಮುಚ್ಚಬಹುದು ಅಂತಲ್ಲ.

ಪ್ರಶ್ನೆ: ಮಗ ಸ್ನಾನದ ಮನೆಯಲ್ಲಿ ಎರಡು ಸಲ ಬಿದ್ದ. ಫಿಟ್ಸ್ ಇರಬೇಕು ಅಂತಾರೆ.
ಉತ್ತರ: ನಮ್ಮ ದಕ್ಷಿಣ ಕರ್ನಾಟಕದ ಕಡೆ ‘ಬಿಸಿನೀರಿನ ಮೂರ್ಛೆ’ ಎಂಬ ಕಾಯಿಲೆಯೂ ಇದೆ. ಸುಡುವ ನೀರನ್ನು ತಲೆಯ ಮೇಲೆ ಸುರಿದುಕೊಂಡಾಗ ಕೆಲವರಿಗೆ ಬರುತ್ತದೆ. ಬೆಂಗಳೂರಿನ ನಿಮ್ಹಾನ್ಸ್‌ನ ವೈದ್ಯರು ಇದನ್ನು ದಶಕಗಳಿಂದ ಅಧ್ಯಯನ ಮಾಡಿದ್ದಾರೆ. ಆದರೆ ಗೀಸರಿನ ವಿಷದಿಂದಲೂ ಹೀಗೆ ಮೈ ಸೆಟೆದು ಬೀಳಬಹುದು. ಯಾವುದು ಅಂತ ತೀರ್ಮಾನಿಸುವವರು ನರರೋಗ ತಜ್ಞರು. ಬಚ್ಚಲಲ್ಲಿ ಏನು ಉರಿಯುತ್ತೆ, ಕಿಟಕಿ ಹೇಗಿದೆ ಎಂಬುದನ್ನು ಅವರಿಗೆ ಹೇಳುವುದು ನಿಮ್ಮ ಕೆಲಸ. ಕೊಟ್ಟ ಮಾತ್ರೆಯನ್ನು ನೀವಾಗಿಯೇ ನಿಲ್ಲಿಸಬೇಡಿ.

ಪ್ರಶ್ನೆ: ಗ್ಯಾಸ್ ಲೀಕ್ ಆದರೆ ಕೂಗುವ ಅಲಾರಂ ಇದೆ. ಭಯವಿಲ್ಲ ತಾನೇ?
ಉತ್ತರ: ಅದು ಸೋರಿಕೆಗೆ ಮಾತ್ರ. ಕಾರ್ಬನ್ ಮಾನಾಕ್ಸೈಡಿಗೆ ಬೇರೆಯೇ ಅಲಾರಂ ಬರುತ್ತದೆ. ಕೊಳ್ಳುವಾಗ ಹೆಸರು ಓದಿ ಕೊಳ್ಳಿ. ಒಳ್ಳೆಯದೇ, ಆದರೆ ಕಿಟಕಿಗೆ ಬದಲಿಯಲ್ಲ.

ಪ್ರಶ್ನೆ: ನಮ್ಮಲ್ಲಿ ಮೂರು ವರ್ಷದಿಂದ ಹೀಗೇ ಇದೆ, ಏನೂ ಆಗಿಲ್ಲವಲ್ಲ?
ಉತ್ತರ: ಮೂರು ವರ್ಷ ಕಿಟಕಿಯ ಒಂದು ಗಾಜು ಒಡೆದಿತ್ತು, ಈ ಚಳಿಗೆ ಅದನ್ನು ಹಾಕಿಸಿದಿರಿ ಅಂತಿಟ್ಟುಕೊಳ್ಳಿ. ಅಥವಾ ನೆಂಟರು ಬಂದರು, ಎಂಟು ಜನ ಸಾಲಾಗಿ ಸ್ನಾನ ಮಾಡಿದರು. ಅಪಾಯ ಹೇಳಿ ಬರುವುದಿಲ್ಲ, ಇಂಥ ಸಣ್ಣ ಬದಲಾವಣೆಯ ಬೆನ್ನಿಗೇ ಬರುತ್ತೆ.

ಬಚ್ಚಲ ಬಾಗಿಲಿಗೆ ಅಂಟಿಸಿಕೊಳ್ಳಿ

1. ಕಿಟಕಿ ತೆರೆದಿದೆಯೇ?
2. ಬಕೆಟ್ ತುಂಬುವಾಗ ನಾನು ಹೊರಗೆ.
3. ಗೀಸರ್ ನಿಲ್ಲಿಸಿದೆ, ಗುಂಡಿ ಮುಚ್ಚಿದೆ.
4. ಐದು ನಿಮಿಷ ಗಾಳಿ ಆಡಿತು.
5. ನಾನು ಸ್ನಾನಕ್ಕೆ ಹೋಗುತ್ತಿದ್ದೇನೆಂದು ಮನೆಯವರಿಗೆ ಗೊತ್ತು.
6. ತಲೆಸುತ್ತಿದರೆ ತಕ್ಷಣ ಹೊರಗೆ.
7. ಸೋರಿಕೆಗೆ 1906. ಆಂಬುಲೆನ್ಸಿಗೆ 108.

ಈ ಹಾಳೆಯನ್ನು ಕತ್ತರಿಸಿ ಅಂಟಿಸಿದರೆ ಹಿಂದಿನ ಪುಟದ ಅಡುಗೆ ಹೋಗುತ್ತಲ್ಲ ಅಂತ ಯೋಚನೆಯೇ? ಕೈಯಲ್ಲೇ ಬರೆದು ಅಂಟಿಸಿ ಬಿಡಿ. ಓದು ಬಾರದ ಹಿರಿಯರಿಗೆ, ಮನೆಗೆಲಸಕ್ಕೆ ಬರುವ ಹೆಣ್ಣುಮಗಳಿಗೆ ಬಾಯಲ್ಲಿ ಹೇಳಿ. ಅವರ ಮನೆಯಲ್ಲೂ ಗೀಸರ್ ಇದ್ದೀತು. ಇವತ್ತು ಸಂಜೆ ದೀಪ ಹಚ್ಚುವ ಮುಂಚೆ ಒಮ್ಮೆ ಬಚ್ಚಲಿಗೆ ಹೋಗಿ, ಕಿಟಕಿಗೆ ಅಂಟಿಸಿರುವ ಆ ರಟ್ಟನ್ನು ಕಿತ್ತುಹಾಕಿ. ಸೊಳ್ಳೆಗೆ ಜಾಲರಿ ಹಾಕಿಸಿದರಾಯಿತು.

ಮುಂದಿನ ಸಂಚಿಕೆಯಲ್ಲಿ ಮತ್ತೆ ಭೇಟಿಯಾಗೋಣ.